ಅಜ್ಜಿ ಜಗ್ಗಿ ನೋಡಿದ್ದು

ಮುಂಬೈನ ಮುಲುಂಡಿನ ಮನೆಯೊಂದರಲ್ಲಿ ಮೇನ್ ಸ್ವಿಚ್ ಆಫ್ ಮಾಡಿ, ಹೊಸ ಫ್ಯಾನಿನ ವೈರುಗಳನ್ನು ಕನೆಕ್ಟರಿಗೆ ಕೂಡಿಸುತ್ತಿದ್ದೆ. ಆ ಮನೆಯ ಅಜ್ಜಿ ಸ್ಟೂಲು ಹಿಡಿದಿದ್ದರು. ಅವರ ಅಳಿಯ ಸೋಫಾದಲ್ಲಿ ಪೇಪರ್ ಓದುತ್ತ, “ಇಷ್ಟು ಕೆಲಸ ನಾನೇ ಮಾಡ್ತಿದ್ದೆ” ಅನ್ನುತ್ತಿದ್ದರು.

ಸ್ಕ್ರೂ ಬಿಗಿ ಮಾಡಿದ ಮೇಲೆ ನಾನು ಪ್ರತಿ ವೈರನ್ನೂ ಜಗ್ಗಿ ನೋಡುತ್ತೇನೆ. ಅಜ್ಜಿಗೆ ಗಾಬರಿಯಾಯಿತು.

“ಕೂಡಿಸಿದ್ದನ್ನೇ ಕೀಳ್ತೀಯಲ್ಲಪ್ಪಾ?”

“ಗಟ್ಟಿ ಐತೋ ಇಲ್ಲೋ ನೋಡಬೇಕ್ರೀ ಅಮ್ಮಾ. ಸಡಿಲಿದ್ರ ಈಗ್ಲೇ ಕಿತ್ತು ಬರ್ಲಿ. ಆಮೇಲ ಬಿಸಿಯಾಗಿ ಸುಡೂದು ಬ್ಯಾಡ.”

ಫ್ಯಾನು ತಿರುಗಿದ್ದೇ ಅಜ್ಜಿಗೆ ಹುರುಪು ಬಂತು. ಪರದೆಯ ಸರಳು ಜಗ್ಗಿದರು, ಅಲ್ಲಾಡಲಿಲ್ಲ. ಗೋಡೆಯ ಟವೆಲ್ ಸ್ಟ್ಯಾಂಡ್ ಜಗ್ಗಿದರು, ಕೈಗೇ ಬಂತು.

“ಇದು ನಮ್ಮ ಅಳಿಯಂದಿರ ಕೆಲಸ” ಎಂದು ನಗು ತಡೆಯಲಾರದೆ ಅದನ್ನು ನನ್ನ ಕೈಗಿತ್ತರು.

ಅಳಿಯಂದಿರು ಪೇಪರನ್ನು ಮುಖಕ್ಕೆ ಅಡ್ಡವಾಗಿ, ಗಟ್ಟಿಯಾಗಿ ಹಿಡಿದಿದ್ದರು. ಅದನ್ನು ಮಾತ್ರ ನಾನು ಜಗ್ಗಿ ನೋಡಲಿಲ್ಲ.