ಒಂದೂ ಹೆಸರು ಬಿಡದ ವಂದನಾರ್ಪಣೆ

ವ್ಯಾಪಾರಸ್ಥರ ಮನೆಯಲ್ಲಿ ಹುಟ್ಟಿಯೂ ಒಂದು ಕಿಲೋ ಈರುಳ್ಳಿ ಮಾರಲು ಬಾರದವನಿಗೆ ಉಳಿಯುವ ದಾರಿ ಒಂದೇ, ವ್ಯಾಪಾರದ ಬಗ್ಗೆ ಪಾಠ ಮಾಡುವುದು. ಜಾಸಿರ್ ಹಾಗೆಯೇ ಪುತ್ತೂರಿನ ಒಂದು ಕಾಲೇಜಿನಲ್ಲಿ ವಾಣಿಜ್ಯ ವಿಭಾಗದ ಅತಿಥಿ ಉಪನ್ಯಾಸಕನಾದ. ಅತಿಥಿ ಎಂದರೆ ಹತ್ತು ತಿಂಗಳು ದುಡಿಸಿ ಎರಡು ತಿಂಗಳು ಮನೆಗೆ ಕಳಿಸುವ ಮರ್ಯಾದೆ. ಆ ಎರಡು ತಿಂಗಳು ಅಕ್ಕ ಸಫೂರಾ 'ಮೋನೆ', ಅಂದರೆ ಮಗನೇ, ಎಂದು ಕರೆದು ಅನ್ನ ಹಾಕುತ್ತಿದ್ದಳು. ಅವನ ಎಂ.ಕಾಂ. ಕೂಡ ಅವಳ ದುಡಿಮೆಯದ್ದೇ. ಕಡಬದ ಹತ್ತಿರ ಕೋಡಿಂಬಾಳದಲ್ಲಿ ಅವಳದ್ದೊಂದು ಹಾಳೆ ತಟ್ಟೆಯ ಘಟಕ ಉಂಟು. ಅಡಿಕೆ ಮರದಿಂದ ಬಿದ್ದ ಹಾಳೆ ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುವ ನಾಲ್ಕು ಯಂತ್ರ, ಐದು ಹೆಂಗಸರು.

ಜಾಸಿರನಿಗೆ ಬರುತ್ತಿದ್ದ ಒಂದೇ ವಿದ್ಯೆ ವಂದನಾರ್ಪಣೆ. ನಮ್ಮ ಕಡೆ ಅದು ಸಣ್ಣ ವಿದ್ಯೆಯಲ್ಲ. ಯಾವುದೋ ಶಾಲೆಯ ವಾರ್ಷಿಕೋತ್ಸವದಲ್ಲಿ ಶಾಮಿಯಾನದವರ ಹೆಸರು ಬಿಟ್ಟುಹೋಗಿ, ಮರುವರ್ಷ ಮಕ್ಕಳು ಬಿಸಿಲಿನಲ್ಲೇ ಕುಣಿದ ಊರು ಇದು. ಜಾಸಿರ್ ಮೈಕ್ ಹಿಡಿದರೆ ಅಧ್ಯಕ್ಷರಿಂದ ಹಿಡಿದು ಜನರೇಟರಿಗೆ ಡೀಸೆಲ್ ತಂದವರ ತನಕ ಯಾರೂ ತಪ್ಪುತ್ತಿರಲಿಲ್ಲ. ಸಭಿಕರು ಎದ್ದು ಹೋದ ಮೇಲೂ ಹೆಸರುಗಳು ಉಳಿದಿರುತ್ತಿದ್ದವು.

ಪಿಎಚ್.ಡಿ.ಗೆ ಅವನು ಹಿಡಿದ ವಿಷಯ: ಗ್ರಾಮೀಣ ಕಿರು ಉದ್ದಿಮೆಗಳು ಬಾಳುವುದು ಹೇಗೆ. ಬಾಳುವ ಉದ್ದಿಮೆಯೊಂದನ್ನು ಆರಿಸಿ, ವರ್ಷವಿಡೀ ಅವರ ಜೊತೆ ಓಡಾಡಿ ವರದಿ ಬರೆಯುವುದು. ಮೊದಲನೆಯದು ಕಾಣಿಯೂರಿನ ದಮಯಂತಿಯವರ ಪುನರ್ಪುಳಿ ಹಣ್ಣಿನ ಶರಬತ್ತು. ಎರಡನೆಯದು ಕೆದಂಬಾಡಿಯ ತ್ಯಾಂಪಣ್ಣನವರ ಹಲಸಿನ ಹಪ್ಪಳ. ಇಂಥವರ ಬಂಡವಾಳ ಯಂತ್ರವಲ್ಲ, ಮನೆಗಳು. ಯಾರ ಮನೆಯ ಹಲಸು ಹಪ್ಪಳಕ್ಕೆ ಒದಗುತ್ತದೆ, ಯಾರು ಹಾಳೆಯನ್ನು ಮಣ್ಣು ತಾಗಿಸದೆ ಒಣಗಿಸಿಡುತ್ತಾರೆ, ಅದನ್ನು ಹತ್ತಿಪ್ಪತ್ತು ವರ್ಷ ತಿರುಗಿ ಕಂಡುಕೊಳ್ಳಬೇಕು. ಕಾಗದ ಪತ್ರ ಇಲ್ಲ, ಎಲ್ಲ ಬಾಯಿಮಾತು. ಆ ಮನೆಗಳ ಹೆಸರನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಜಾಸಿರನನ್ನು ಮಾತ್ರ ಪಿಕಪ್ಪಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಹೋದರು. ಪಾಪದ ಮಾಷ್ಟ್ರು, ಅವನಿಂದ ಎಂತ ಆಗಲಿಕ್ಕುಂಟು?

ಸುಳ್ಯದ ವಿಚಾರ ಸಂಕಿರಣದಲ್ಲಿ ಮೊದಲ ವರದಿಗೆ ಬಹುಮಾನ ಬಂತು. ಐದು ತಿಂಗಳಿಗೆ ದಮಯಂತಿಯವರ ಶರಬತ್ತು ನಿಂತಿತು. "ಪ್ರಾಯ ಆಯ್ತು ಮಾರಾಯ್ರೆ" ಎಂದರು ಅವರು, ಅವನ ಮುಖ ನೋಡದೆ. ಈ ಮಾರ್ಚಿನಲ್ಲಿ ತ್ಯಾಂಪಣ್ಣನವರೂ ಹಪ್ಪಳ ಬಿಟ್ಟರೆಂದು ಸುದ್ದಿ ಬಂದಾಗ ಸ್ಟಾಫ್ ರೂಮಿನಲ್ಲಿ ನಗೆ ಎದ್ದಿತು.

"ಜಾಸಿರ್ ಸರ್, ನಮ್ಮ ಕ್ಯಾಂಟೀನಿನ ಬಗ್ಗೆ ಮಾತ್ರ ಬರೀಬೇಡಿ ಆಯ್ತಾ?"

ಅವನೂ ನಕ್ಕ. ಆದರೂ ಎರಡೂ ತಾನು ಬರೆದವೇ ಎಂಬುದು ತಲೆಯಿಂದ ಹೋಗಲಿಲ್ಲ. ಶನಿವಾರ ಬೆಳಿಗ್ಗೆ ಸ್ಕೂಟರ್ ಹತ್ತಿ ಕೆದಂಬಾಡಿಗೆ ಹೋದ.

ತ್ಯಾಂಪಣ್ಣ ಅಂಗಳದಲ್ಲಿ ಹಪ್ಪಳ ಒಣಗಿಸುವ ಚಾಪೆಗಳನ್ನು ಸುತ್ತಿ ಕಟ್ಟುತ್ತಿದ್ದರು. ಈ ತಿಂಗಳಲ್ಲಿ ಆ ಅಂಗಳ ಖಾಲಿ ಇರುವುದನ್ನು ಜಾಸಿರ್ ಕಂಡದ್ದೇ ಇಲ್ಲ.

"ಹಲಸು ಬಲಿಯುವ ಮೊದಲೇ ಇಡೀ ಮರಗಳನ್ನೇ ಕ್ರಯಕ್ಕೆ ಮಾತಾಡಿ ಹೋದ್ರು," ಎಂದರು. "ಒಂದು ಬಿಳಿ ಪಿಕಪ್. ಯಾವ ಕಂಪೆನಿಯೋ, ಹೊರಗಿನವರು. ನನ್ನ ಹದಿನಾಲ್ಕು ಮನೆಗೂ ಸೀದಾ ಹೋಗಿದ್ದಾರೆ. ಪಕ್ಕದ ಮನೆಗೆ ತಪ್ಪಿಯೂ ಹತ್ತಲಿಲ್ಲ."

"ಅವರಿಗೆ ಯಾರು ಹೇಳಿದ್ದು?"

ತ್ಯಾಂಪಣ್ಣ ಒಳಗೆ ಹೋಗಿ ಮಡಚಿದ ಕಾಗದ ತಂದರು. "ಒಂದು ಮನೆಯಲ್ಲಿ ಬಿಟ್ಟು ಹೋಗಿದ್ರು. ಇದು ನಿಮ್ಮದಲ್ವಾ?"

ಅವನದ್ದೇ. ವರದಿಯ ಕೊನೆಯ ಪುಟ, ಕೃತಜ್ಞತೆಗಳು. ಹದಿನಾಲ್ಕು ಮನೆ, ಯಜಮಾನರ ಹೆಸರು, ಫೋನ್ ನಂಬರ್ ಸಮೇತ. ಯಾರಿಗೂ ಬೇಸರ ಆಗಬಾರದೆಂದು ರಾತ್ರಿ ಕೂತು ಮೂರು ಸಲ ತಿದ್ದಿದ್ದ. ಪ್ರತಿ ಹೆಸರಿನ ಮುಂದೆ ಕೆಂಪು ಪೆನ್ನಿನಲ್ಲಿ ಒಂದೊಂದು ಗೀಟು. ಅವನು ಪರೀಕ್ಷೆಯ ಉತ್ತರಕ್ಕೆ ಹಾಕುವಂಥದ್ದೇ ಗೀಟು.

"ಕುಡಿಯಲಿಕ್ಕೆ ಎಂತಾದ್ರೂ ಬೇಕಾ?" ಎಂದರು ತ್ಯಾಂಪಣ್ಣ. ಬೈದಿದ್ದರೆ ವಾಸಿಯಿತ್ತು.

ಮೂರನೆಯ ವರದಿ ಅಕ್ಕನ ಘಟಕದ್ದು, ಅದರ ಕೊನೆಗೂ ಇಂಥದ್ದೇ ಪುಟ. ಅದು ಸೋಮವಾರವೇ ಕಾಲೇಜಿನ ವೆಬ್‌ಸೈಟಿಗೆ ಏರಿತ್ತು. ಈ ಮೂರು ವರದಿಗಳ ಬಲದ ಮೇಲೆ ಅವನಿಗೆ ಕಾಯಂ ಹುದ್ದೆ ಕೊಡುವ ಮಾತಿತ್ತು. ರಸ್ತೆ ಬದಿಯಲ್ಲೇ ನಿಂತು, ವೆಬ್‌ಸೈಟ್ ನೋಡಿಕೊಳ್ಳುವ ಯಶಸ್ವಿಗೆ ಫೋನ್ ಮಾಡಿದ.

"ತೆಗೆಯುದಾ? ಎಂತಕ್ಕೆ ಸರ್?" ಎಂದಳು ಅವಳು. "ಐದು ದಿನಕ್ಕೆ ನಲವತ್ತು ಸಲ ಓಪನ್ ಆಗಿದೆ. ಪ್ರಿನ್ಸಿಪಾಲರ ಭಾಷಣಕ್ಕೂ ಇಷ್ಟು ಇಲ್ಲ!"

"ಈಗಲೇ ತೆಗೀರಿ."

"ತೆಗೀತೇನೆ. ಆದ್ರೆ ನೋಡಿದವರ ಹತ್ರ ಇರ್ತದಲ್ಲ."

ಕಡಬದ ದಾರಿಯುದ್ದಕ್ಕೂ ಅವನು ಲೆಕ್ಕ ಹಾಕಿದ್ದು ದಿನಗಳನ್ನು. ಏಪ್ರಿಲ್ ಮುಗಿಯುವುದರೊಳಗೆ ಒಣ ಹಾಳೆ ಒಟ್ಟಾಗಬೇಕು. ಮಳೆಗೆ ಸಿಕ್ಕ ಹಾಳೆಗೆ ಬೂಸ್ಟು ಹಿಡಿಯುತ್ತದೆ. ಈ ಬೇಸಗೆಯ ಹಾಳೆ ಕೈತಪ್ಪಿದರೆ ಬರುವ ಬೇಸಗೆಯ ತನಕ ಅಕ್ಕನ ಯಂತ್ರ ತಣ್ಣಗೆ. ಎದುರಿನಿಂದ ಬಿಳಿ ಬಣ್ಣದ್ದು ಯಾವುದು ಬಂದರೂ ಅವನ ಕೈ ಬ್ರೇಕಿಗೆ ಹೋಗುತ್ತಿತ್ತು. ಕೆಎಂಎಫ್ ಹಾಲಿನ ಗಾಡಿಗೂ ಹೆದರಿದ.

ಪಟ್ಟಿಯಲ್ಲಿ ಮೊದಲ ಹೆಸರು ಅಪ್ಪಿಯಕ್ಕನದ್ದು. ಅಕ್ಕನಿಗೆ ಹನ್ನೆರಡು ವರ್ಷದಿಂದ ಹಾಳೆ ಕೊಡುವ ಮುದುಕಿ. ಅವನನ್ನು ಕಂಡದ್ದೇ ಅವರ ಮುಖ ಅರಳಿತು.

"ಬನ್ನಿ ಮಾಷ್ಟ್ರೆ! ನಿಮ್ಮವರು ಬೆಳಿಗ್ಗೆಯೇ ಬಿಳಿ ಪಿಕಪ್ಪಿನಲ್ಲಿ ಬಂದಿದ್ರು."

"ನನ್ನವರಾ?"

"ಅಲ್ಲದೆ? ನಿಮ್ಮ ಪುಸ್ತಕ ತೋರಿಸಿದ್ರು. ಅದರಲ್ಲಿ ನನ್ನ ಹೆಸರು! ರೇಶನ್ ಕಾರ್ಡಿನಲ್ಲಿಯೂ ಸರಿ ಇಲ್ಲದ ಹೆಸರು, ನೀವು ಎಷ್ಟು ಚಂದ ಬರೆದಿದ್ದೀರಿ." ಗೋಡೆಯ ಕ್ಯಾಲೆಂಡರಿಗೆ ಸಿಕ್ಕಿಸಿದ್ದ ಪುಟವನ್ನು ಬೆರಳಿನಿಂದ ಸವರಿದರು. "ನೀವೇ ಕಳಿಸಿದ್ದು ಅಂತ ಎಣಿಸಿ ಹಾಳೆ ಎಲ್ಲ ಕೊಟ್ಟೆ. ಇನ್ನು ಮೂರು ವರ್ಷ ಅವರಿಗೇ ಅಂತ ಮಾತೂ ಕೊಟ್ಟೆ."

ಅವರ ಹಿಂದೆ ಕೊಟ್ಟಿಗೆಯ ಅಟ್ಟ ಬರಿದಾಗಿತ್ತು.

"ಆ ಮಾತು ವಾಪಸ್ ತಕ್ಕೊಳ್ಳಲಿಕ್ಕೆ ಆಗುದಿಲ್ವಾ?" ಎಂದ ಜಾಸಿರ್.

ಅಪ್ಪಿಯಕ್ಕನ ನಗು ನಿಧಾನಕ್ಕೆ ಇಳಿಯಿತು. "ಮಾತು ಕೊಟ್ಟಾಯ್ತಲ್ಲ ಮಗಾ. ನಿನ್ನ ಅಕ್ಕನಿಗೂ ನಾನು ಮಾತೇ ಕೊಟ್ಟದ್ದು, ಅವರು ನಿನ್ನ ಹೆಸರು ಹೇಳಿದ್ರಿಂದ ಮುರಿದೆ. ಇನ್ನೊಂದು ಸಲ ಮುರಿಯುದು ಹೇಗೆ?"

ಉಳಿದ ಹತ್ತು ಮನೆಗಳಿಗೂ ಹೋದ. ಎಲ್ಲ ಕಡೆ ಅದೇ ಪುಟ, ಅದೇ ಕೆಂಪು ಗೀಟು, ಅದೇ ಸಂಭ್ರಮ. ಎರಡು ಮನೆಯಲ್ಲಿ ಚಹಾ ಕೊಟ್ಟರು.

ಸಂಜೆ ಘಟಕಕ್ಕೆ ಬಂದಾಗ ಒಂದೇ ಯಂತ್ರ ಓಡುತ್ತಿತ್ತು. ಸಫೂರಾ ತೊಟ್ಟಿಯಿಂದ ನೆನೆದ ಹಾಳೆಗಳನ್ನು ಒಂದೊಂದಾಗಿ ಎತ್ತಿಡುತ್ತಿದ್ದಳು. ತಳ ಕಾಣುತ್ತಿತ್ತು. ಅವಳ ಫೋನಿಗೆ ಮಧ್ಯಾಹ್ನದಿಂದಲೇ ಹಾಳೆಯ ಮನೆಗಳಿಂದ ಕರೆ ಬಂದಿರಬೇಕು. ಅವನು ಒಂದು ಮನೆಯಿಂದ ಕೇಳಿ ತಂದ ಪುಟವನ್ನು ಮುಂದೆ ಹಿಡಿದ. ಅವಳು ಕೈ ಒರೆಸಿಕೊಂಡು ಮೇಲಿನಿಂದ ಕೆಳಗೆ ಓದಿದಳು, ತುಟಿ ಅಲ್ಲಾಡಿಸುತ್ತ. ಹನ್ನೊಂದು ಹೆಸರು.

"ಒಂದನ್ನಾದರೂ ಮರೆಯಬಾರದಿತ್ತಾ ಮೋನೆ?" ಎಂದಳು.