ಸೊಲ್ಲಾಪುರದ ಹಳೇ ಮೋಟಾರಿಗೆ ಸುಂಕ

ನಮ್ಮ ಯಜಮಾನರು ಸೊಲ್ಲಾಪುರದಲ್ಲಿ ಹಳೇ ಮೋಟಾರು ಕೊಂಡದ್ದು ಅತ್ತೆಯ ಮೊಣಕಾಲಿಗಾಗಿ. ತಮ್ಮ ಅಕ್ಕನನ್ನು ನೋಡಲು ಅತ್ತೆ ನಮ್ಮೂರು ವಲಾಂಡಿಯಿಂದ ಜಳಕೋಟಕ್ಕೆ ಎತ್ತಿನ ಗಾಡಿಯಲ್ಲಿ ಹೋಗಿಬಂದರೆ ನಾಲ್ಕು ದಿನ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಆ ವರ್ಷ ತೊಗರಿ ಚೆನ್ನಾಗಿ ಬಂದಿತ್ತು. ಯಜಮಾನರು ಉದಗೀರದ ಗೆಳೆಯರ ಲಾರಿಯ ಮೇಲೆ ಓಡಿಸುವುದನ್ನು ಕಲಿತಿದ್ದರು. ಮಗ ಮೋಟಾರಿನ ಮಾತೆತ್ತಿದಾಗ ಅತ್ತೆ ಬೇಡ ಅನ್ನಲಿಲ್ಲ, ತಾನೂ ನೋಡಲು ಬರುತ್ತೇನೆಂದರು. ಮದುವೆಯಾಗಿ ಎರಡೇ ವರ್ಷವಾಗಿದ್ದ ನನ್ನನ್ನೂ ಕರೆದುಕೊಂಡು ಹೋದರು.

ಆಗ ಪೊಲೀಸ್ ಆಕ್ಷನ್ ಮುಗಿದು ನಾವು ಹಿಂದೂಸ್ತಾನಕ್ಕೆ ಸೇರಿಯಾಗಿತ್ತು. ಆದರೂ ಹೈದರಾಬಾದ್ ಸಂಸ್ಥಾನದ ಕಾಲದ ಕರೋಡಗಿರಿ, ಅಂದರೆ ಹೊರಗಿನಿಂದ ಬರುವ ಸಾಮಾನಿನ ಮೇಲಿನ ಸುಂಕ, ಇನ್ನೂ ಹೋಗಿರಲಿಲ್ಲ. ಸುಂಕದ ಮಟ್ಟಿಗೆ ಸೊಲ್ಲಾಪುರ ನಮಗೆ ಪರದೇಶವೇ.

ಮೋಟಾರು ಮಾರಿದವನು ಪಾವತಿ ಬರೆಯುವಾಗ, "ಅರ್ಧಾ ಕಿಮ್ಮತ್ತು ಬರೀತೀನ್ರಿ, ಸುಂಕದ ನಾಕಾದಾಗ ನಿಮಗ ಹಗುರ ಆಗತದ" ಎಂದ.

"ಬ್ಯಾಡ್ರಿ. ಕೊಟ್ಟಷ್ಟೇ ಬರೀರಿ" ಅಂದರು ಯಜಮಾನರು. ಸುಳ್ಳು ಹೇಳಲಿಕ್ಕೂ ಬಾರದು, ವಾದ ಮಾಡಲಿಕ್ಕೂ ಬಾರದು, ಅಂಥ ಸ್ವಭಾವ ಅವರದು.

ನಳದುರ್ಗದ ದಾರಿಯ ನಾಕಾದಲ್ಲಿ ಬಿಳಿಗಡ್ಡದ ಅಧಿಕಾರಿಯೊಬ್ಬರು ಪಾವತಿ ಓದಿ ನಕ್ಕರು.

"ಎಲ್ಲಾರೂ ಅರ್ಧಾನೇ ಬರಸ್ಕೊಂಡು ಬರತಾರ. ಅದಕ್ಕ ನಾವು ಡಬಲ್ ಹಿಡದು ಸುಂಕಾ ಹಚ್ಚತೀವಿ."

"ಇದು ಖರೇ ಕಿಮ್ಮತ್ತೇ ಅದರಿ ಸಾಹೇಬ್ರ."

"ಎಲ್ಲಾರೂ ಹಂಗೇ ಅಂತಾರ."

ಯಜಮಾನರ ಕಿವಿ ಕೆಂಪಾಯಿತು. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಅತ್ತೆ ಕೂಗಿದರು.

"ಸಾಹೇಬ್ರ, ಮೊದಲ ನನ್ನ ಇಳಸ್ರಿ. ಈ ಬಾಗಿಲಾ ಒಳಗಿಂದ ತೆಗೀವಲ್ದು. ಆಮ್ಯಾಲ ಇದಕ್ಕ ಡಬಲ್ ಹಚ್ಚರಿ."

ಅಧಿಕಾರಿ ತಾವೇ ಬಂದು ಬಾಗಿಲು ಎಳೆದು, ಕೈಕೊಟ್ಟು ಅತ್ತೆಯನ್ನು ಇಳಿಸಿಕೊಂಡರು. ಮೋಟಾರಿನ ಸುತ್ತ ಒಂದು ಸುತ್ತು ಬಂದು ಗಡ್ಡ ನೀವಿಕೊಂಡರು. "ಒಂದು ದಾರಿ ಅದ. ಮೋಟಾರು ಮಿಸ್ತ್ರಿಗಿ ಕರಸ್ತೀನಿ. ಅಂವಾ ಹಚ್ಚಿದ ಕಿಮ್ಮತ್ತಿನ ಮ್ಯಾಲೇ ಸುಂಕಾ" ಎಂದು ಊರೊಳಕ್ಕೆ ಸಿಪಾಯಿಯನ್ನು ಕಳಿಸಿದರು.

ನಾವು ಬೇವಿನ ನೆರಳಿನಲ್ಲಿ ಕೂತು ರೊಟ್ಟಿಗಂಟು ಬಿಚ್ಚಿದೆವು. ಅತ್ತೆ ಎರಡು ರೊಟ್ಟಿಯ ಮೇಲೆ ಖಾರದ ಶೇಂಗಾ ಹಿಂಡಿ ಹಾಕಿ ಅಧಿಕಾರಿಗೂ ಕೊಟ್ಟರು. ಅವರು ನಿಂತುಕೊಂಡೇ ತಿಂದರು.

ಮಧ್ಯಾಹ್ನ ದಾಟಿದ ಮೇಲೆ ಮಿಸ್ತ್ರಿ ಸೈಕಲ್ಲಿನ ಮೇಲೆ ಬಂದ. ಮೋಟಾರಿನ ಕೆಳಗೆ ನುಸುಳಿದ, ಇಂಜಿನ್ನಿಗೆ ಕಿವಿಯಿಟ್ಟ, ಕೈ ಒರೆಸಿಕೊಳ್ಳುತ್ತ ಎದ್ದ. "ಇಂಜಿನ್ ಒಮ್ಮಿ ಬಿಚ್ಚಿ ಕೂಡಿಸ್ಯಾರ. ಮುಂದಿನ ಸ್ಪ್ರಿಂಗ್ ಮುರದದ" ಅಂದು ಕಿಮ್ಮತ್ತು ಹೇಳಿದ. ಅದು ನಾವು ಕೊಟ್ಟಿದ್ದಕ್ಕಿಂತ ಎಷ್ಟೋ ಕಡಿಮೆ.

"ಹಂಗಾದ್ರ ಇಷ್ಟರ ಮ್ಯಾಲೇ ಕಟ್ಟರಿ. ನಿಮಗ ಫಾಯದಾನೇ ಆಯ್ತು" ಅಂದರು ಅಧಿಕಾರಿ.

"ಬ್ಯಾಡ್ರಿ," ಯಜಮಾನರ ದನಿ ಸಣ್ಣಗಾಗಿತ್ತು. "ನಾ ಕೊಟ್ಟಷ್ಟರ ಮ್ಯಾಲೇ ಹಚ್ಚರಿ."

ನನಗೆ ಅರ್ಥವಾಯಿತು. ಕಡಿಮೆ ಸುಂಕ ಕಟ್ಟಿದರೆ, ತಾವು ಮೋಸಹೋದದ್ದನ್ನು ತಾಯಿಯ ಎದುರೇ ಒಪ್ಪಿಕೊಂಡಂತೆ. ಅತ್ತೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಹಿರಿಯರ ಮುಂದೆ ನಾನು ಗಂಡನ ಜೊತೆ ಮಾತಾಡಿದವಳೇ ಅಲ್ಲ. ಆದರೂ ಯಜಮಾನರ ಮುಖ ನೋಡಿ ತಡೆಯಲಾಗಲಿಲ್ಲ.

"ಮಿಸ್ತ್ರಿ ಹೇಳಿದಷ್ಟೇ ಕಟ್ಟರಿ. ಉಳದದ್ದ್ರಾಗ ಸ್ಪ್ರಿಂಗ್ ಹಾಕಸೋಣ್ರಿ. ಅತ್ತಿಯವರ ಮೊಣಕಾಲಿಗಿ ಬೇಕಲ್ಲ" ಅಂದೆ.

ಯಜಮಾನರು ನನ್ನ ಕಡೆ ನೋಡಿದರು. ಹೂಂ ಎಂದು ತಲೆಯಾಡಿಸಿ ಹಣದ ಚೀಲ ಬಿಚ್ಚಿದರು.

ಉಮರ್ಗಾ ದಾಟಿ ನಿಲಂಗಾ ಹತ್ತಿರ ಬಂದರೂ ಯಜಮಾನರು ಬಾಯಿ ಬಿಡಲಿಲ್ಲ. ಅತ್ತೆ ಮುಂದಕ್ಕೆ ಬಾಗಿ ಮಗನ ಹೆಗಲ ಮೇಲೆ ಕೈಯಿಟ್ಟರು.

"ನಿಮ್ಮಪ್ಪನೂ ಮೊದಲನೇ ಎತ್ತಿನ ಜೋಡಿ ಹೆಚ್ಚಿಗಿ ಕೊಟ್ಟೇ ತಂದಿದ್ರು. ಎಂಟು ದಿನ ಯಾರ ಸಂಗಟಾ ಮಾತಾಡಿಲ್ಲ. ನೀ ಎಷ್ಟು ದಿನ ಸುಮ್ಮ ಇರಾಂವಾ, ಈಗೇ ಹೇಳಿಬಿಡು."

ಯಜಮಾನರು ನಕ್ಕುಬಿಟ್ಟರು. ನಗುತ್ತಲೇ ನನ್ನ ಕಡೆ ತಿರುಗಿ, "ನೀ ಮೋಟಾರು ಹೊಡೀಲಿಕ್ಕ ಕಲೀತಿಯೇನು?" ಎಂದು ಕೇಳಿದರು.

ಜೋಳ ಕೊಯ್ದು ಹೊಲ ಬಯಲಾದ ಮೇಲೆ ದಿನಾ ಬೆಳಿಗ್ಗೆ ನನಗೆ ಕಲಿಸಿದರು. ಹೊಲದಂಚಿನ ಮಣ್ಣಿನ ಬಾಂದಿಗೆ ಎರಡು ಸಲ ಗುದ್ದಿದೆ. ಅವರು ಬೈಯಲಿಲ್ಲ.