ಕೆಂಪು ಅಂಗಿ ತೊಟ್ಟ ಲಟ್ಟಣಿಗೆ

ನಾನು ಆಳಂದದಲ್ಲಿ ಪತ್ರಿಕೆಯೊಂದರ ವರದಿಗಾರ. ಒಂದು ಕಾಲದಲ್ಲಿ ಜೇಬಿನಿಂದ ಪೆನ್ನು ತೆಗೆದರೆ ಸಾಕು, ಕಚೇರಿಯಲ್ಲಿ ಕುರ್ಚಿ ಒರೆಸಿ ಕೊಡುತ್ತಿದ್ದರು. ಈಗ ಓಣಿಗೊಂದು ಯೂಟ್ಯೂಬ್ ಚಾನೆಲ್. ಬಣ್ಣದ ಮೈಕು ಕಂಡರೆ ಸಾಹೇಬರು ತಲೆ ಬಾಚಿಕೊಂಡು ಬರುತ್ತಾರೆ. ನನ್ನನ್ನು ಕಂಡರೆ "ಪ್ರೆಸ್ ನೋಟ್ ಕಳಿಸ್ತೀವಿ, ಹೋಗ್ರಿ" ಅನ್ನುತ್ತಾರೆ. ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ.

ಹೋದ ಬೇಸಿಗೆಯಲ್ಲಿ ಸರಸಂಬಾ ಕಡೆಯ ಒಂದು ಊರಲ್ಲಿ ಬೋರಿನ ಮೋಟಾರು ಸುಟ್ಟು ನಲ್ಲಿಗಳು ಒಣಗಿದ್ದವು. ಹೆಂಗಸರು ದೂರದ ಹೊಲದ ಬಾವಿಯಿಂದ ನೀರು ಹೊರುತ್ತಿದ್ದರು. ಎರಡು ಸಲ ಬರೆದೆ, ಎರಡು ಸಲವೂ ಅಚ್ಚಾಯಿತು, ಮೋಟಾರು ಮಾತ್ರ ಬರಲಿಲ್ಲ. ನೀರಿನ ಕೆಲಸ ನೋಡುವ ಸಾಹೇಬರು ಆ ಊರಿಗೆ ಬರುತ್ತಾರೆಂದು ಗೊತ್ತಾದಾಗ ನನಗೊಂದು ತುಂಟ ಬುದ್ಧಿ ಹುಟ್ಟಿತು.

ನಮ್ಮ ಮನೆಯಲ್ಲಿ ದಿನಾ ಜೋಳದ ರೊಟ್ಟಿ. ಅದನ್ನು ಕೈಯಲ್ಲೇ ಬಡಿಯುವುದರಿಂದ, ಹೋಳಿಗೆಯ ದಿನ ಬಿಟ್ಟರೆ ಲಟ್ಟಣಿಗೆಗೆ ಕೆಲಸವಿಲ್ಲ. ಅದರ ತಲೆಗೆ ರಟ್ಟಿನ ಡಬ್ಬಿ ಸಿಕ್ಕಿಸಿ, ಕೆಂಪು ಬಟ್ಟೆ ಸುತ್ತಿ, ಪತ್ರಿಕೆಯ ಹೆಸರು ಕತ್ತರಿಸಿ ಅಂಟಿಸಿದೆ.

ಹೆಂಡತಿ ನೋಡಿ, "ಮರ್ಯಾದಿ ಹೋದ್ರ ಹೋಗ್ಲಿ, ಲಟ್ಟಣಿಗಿ ಹೊಳ್ಳಿ ತರ್ರಿ" ಅಂದಳು.

ಊರಲ್ಲಿ ಅದನ್ನು ಸಾಹೇಬರ ಗದ್ದದ ಕೆಳಗೆ ಹಿಡಿದೆ. ಎಡಗೈಯಲ್ಲಿ ಮೊಬೈಲು, ದಾರಿಯಲ್ಲೇ ಅದರ ಚಾರ್ಜ್ ಮುಗಿದಿತ್ತು. ಆದರೂ ಗಂಭೀರವಾಗಿ ಎತ್ತಿ ಹಿಡಿದೆ. ಸಾಹೇಬರು ಕಾಲರ್ ಸರಿಮಾಡಿಕೊಂಡು, "ಜಲ್ದಿ ಹೊಸ ಮೋಟಾರು ಕೂಡಿಸ್ತೀವಿ, ಇದು ನನ್ನ ಮಾತು" ಎಂದರು. ಪಕ್ಕದಲ್ಲಿ ಖಾಲಿ ಕೊಡ ಹಿಡಿದ ಮುದುಕಿಯೊಬ್ಬಳು ನನ್ನ ಮೈಕಿನ ಹಿಡಿಕೆಯನ್ನೇ ನೋಡುತ್ತಿದ್ದಳು. ಅಲ್ಲಿ ಒಣಗಿದ ಹಿಟ್ಟು ಹತ್ತಿಕೊಂಡಿತ್ತು. ಹೆಬ್ಬೆರಳಿಂದ ಅದನ್ನು ಮುಚ್ಚಿದೆ.

ಸಾಹೇಬರ ಜೀಪು ಹೋಗುವ ತನಕ ಆಕೆ ಕಾದಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಯಪ್ಪಾ, ಇಂಥಾ ಮೈಕು ನಮ್ಮ ಮನ್ಯಾಗೂ ಅದ. ನಾಳಿ ನಾನೂ ತರ್ಲೇನು?"

ಸಂಜೆ ಸಾಹೇಬರ ಫೋನು. "ವಿಡಿಯೋ ಯಾವಾಗ ಬಿಡ್ತೀರಿ? ಮ್ಯಾಲಿನ ಸಾಹೇಬ್ರಿಗೆ ತೋರಿಸ್ಬೇಕು."

ವಿಡಿಯೋ ಇದ್ದರಲ್ಲವೇ ಬಿಡುವುದು! ಸಿಕ್ಕಿಬಿದ್ದರೆ ಮೋಟಾರೂ ಇಲ್ಲ, ನನ್ನ ಕೆಲಸವೂ ಇಲ್ಲ. "ನಲ್ಯಾಗ ನೀರು ಬಂದದ್ದನ್ನೂ ಕೂಡಿಸಿ ಒಮ್ಮೆಲೇ ಬಿಡಬೇಕಂತ ಮಾಡೇನ್ರಿ" ಅಂದುಬಿಟ್ಟೆ.

ಮರುದಿನವೇ ಮೋಟಾರು ಬಂತು! ನನಗೆ ಖುಷಿಯೂ ಆಯಿತು, ಸಿಟ್ಟೂ ಬಂತು. ನಾನು ಬರೆದದ್ದಕ್ಕೆ ಹೆದರದವರು ಕಟ್ಟಿಗೆಯ ತುಂಡಿಗೆ ಹೆದರಿದ್ದರು. ಈ ಸಲ ಮೊಬೈಲು ಚಾರ್ಜ್ ಮಾಡಿಕೊಂಡೇ ಹೋದೆ. ನಲ್ಲಿ ಎರಡು ಸಲ ಕೆಮ್ಮಿ ಕೆಂಪು ನೀರು ಉಗುಳಿತು, ಆಮೇಲೆ ತಿಳಿನೀರು. ಒಳ್ಳೆಯ ದೃಶ್ಯ ಸಿಗಲೆಂದು ನಲ್ಲಿಯ ಮುಂದೆಯೇ ಕುಕ್ಕರಗಾಲಲ್ಲಿ ಕೂತೆ.

ಮುದುಕಿ ನನ್ನ ಹೆಗಲಿಗೆ ಕೊಡ ತಾಗಿಸಿದಳು. "ಯಪ್ಪಾ, ಅತ್ಲಾಗ ಸರಿ. ನೀರು ಹೊಂಟಾವ."

ಸರಿದೆ.